ಮಡಿಚದೆ ಉಳಿದ ಬೆರಳು

ಉಪ್ಪು ಹಾಕಿ ಬೇಯಿಸಿದ ಓಟ್ಸ್‌ನ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಸೌತ್ ಲೇಕ್ ಯೂನಿಯನ್ನಿನ ಆಫೀಸಿನಲ್ಲಿ ಇರುವುದೇ ಇಲ್ಲ. ಇಲ್ಲಿ ಎಲ್ಲರೂ ಓಟ್ಸ್‌ಗೆ ಜೇನು ಸುರಿಯುತ್ತಾರೆ, ಬಾಳೆಹಣ್ಣು ಹೆಚ್ಚಿ ಹಾಕುತ್ತಾರೆ, ಅದನ್ನು ಪಾಯಸ ಮಾಡಿಯೇ ಬಿಡುತ್ತಾರೆ. ಮೊನ್ನೆ ಆಫೀಸಿನ ಅಡುಗೆಕೋಣೆಯಲ್ಲಿ ಯಾರೋ ಪುಣ್ಯಾತ್ಮರು ಬರೀ ನೀರು, ಬರೀ ಉಪ್ಪು ಹಾಕಿ ಬೇಯಿಸಿದ್ದರು. ಕಾಫಿ ಕಪ್ಪು ಹಿಡಿದು ಒಳಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ನಿಮಗೂ ಹೀಗೆ ಒಂದು ವಾಸನೆ ಇದ್ದೇ ಇರುತ್ತದೆ, ಇರುವ ಜಾಗದಿಂದ ರಟ್ಟೆ ಹಿಡಿದು ಎಳೆದುಕೊಂಡು ಹೋಗುವಂಥದ್ದು. ನನ್ನನ್ನು ಅದು ನಾನು ಬೆಳೆದ ರೆಂಟನ್ನಿಗೆ ಎಳೆದೊಯ್ಯಿತು, ಈಗ ಇಲ್ಲದ ಮನೆಗೆ, ಈಗ ಇಲ್ಲದ ಇಬ್ಬರು ಹೆಂಗಸರ ಹತ್ತಿರ.

ಅದು ಒಂದೇ ಸೂರಿನ ಕೆಳಗೆ ಎರಡು ಬಾಗಿಲಿದ್ದ ಮನೆ. ನಡುವೆ ಒಂದು ತೆಳು ಗೋಡೆ. ಒಂದು ಭಾಗದಲ್ಲಿ ನಾವು: ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ, ಅಮ್ಮ, ನಾನು. ಧಾರವಾಡದಿಂದ ಬಂದ ಹೊಸತು. ಇನ್ನೊಂದು ಭಾಗದಲ್ಲಿ ಐಲ್ಸಾ ಅಜ್ಜಿ. ಸ್ಕಾಟ್ಲೆಂಡಿನ ಕಡಲತೀರದ ಊರಿನವರು. ಅಲ್ಲಿ ಗಣಿತ ಓದಿ, ಗಂಡನ ಜತೆ ಇಲ್ಲಿಗೆ ಬಂದು, ಗಂಡ ಹೋದ ಮೇಲೂ ಇಲ್ಲೇ ಉಳಿದವರು. ಭೌತಶಾಸ್ತ್ರದ ಪತ್ರಿಕೆಯೊಂದಕ್ಕೆ ಮನೆಯಲ್ಲೇ ಕೂತು ಸಂಪಾದಕಿಯ ಕೆಲಸ ಮಾಡುತ್ತಾ ಮುದುಕಿಯಾದವರು. ಎಂತೆಂಥ ಪ್ರೊಫೆಸರುಗಳು ಬರೆದ ಲೇಖನವೂ ಅವರ ಅಡುಗೆಮನೆ ಮೇಜನ್ನು ದಾಟಿಯೇ ಅಚ್ಚಿಗೆ ಹೋಗಬೇಕಿತ್ತು. ಆ ಮೇಜಿನ ಮೇಲೆ ಬೆಳಿಗ್ಗೆ ಓಟ್ಸ್‌ನ ಉಪ್ಪು ಗಂಜಿ, ಆಮೇಲೆ ಇಡೀ ದಿನ ಕಾಗದ. ಅಮ್ಮ ಅವರ ಗಂಜಿ ನೋಡಿದ ಮೊದಲ ದಿನವೇ ನಿಂಬೆಕಾಯಿ ಉಪ್ಪಿನಕಾಯಿ ತಂದು ಪಕ್ಕದಲ್ಲಿಟ್ಟಳು. ಅಜ್ಜಿ ಕಣ್ಣಲ್ಲಿ ನೀರು ತುಂಬಿಕೊಂಡೇ ಅಷ್ಟೂ ತಿಂದರು. ಸ್ನೇಹ ಆದದ್ದು ಹಾಗೆ.

ಅಮ್ಮ ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದಳು, ಅವಳ ಊರಿನ ಶಾಲೆಯಲ್ಲಿ ಟೀಚರಮ್ಮನನ್ನು ಕರೆಯುವ ಹಾಗೆ. ಅಮ್ಮ ಎಂಎಸ್ಸಿ ಗಣಿತ ಮಾಡಿದವಳು. ಇಲ್ಲಿಗೆ ಬಂದ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಚಪಾತಿ ಲಟ್ಟಿಸುವಾಗ ಹಿಟ್ಟಿನ ಮೇಲೆ ಬೆರಳಲ್ಲಿ ಏನೋ ಬರೆದು ಅಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನನಗೆ ಒಂಬತ್ತೋ ಹತ್ತೋ ಇದ್ದಾಗ ಅಜ್ಜಿಯ ಕಣ್ಣು ಕೈಕೊಡಲು ಶುರುವಾಯಿತು. ನೋಡಿದ ಕಡೆಯೆಲ್ಲ ನಡುವಿಗೆ ಮಸಿ ಬಳಿದ ಹಾಗೆ ಕಾಣುತ್ತದೆ ಅನ್ನುತ್ತಿದ್ದರು. ಪತ್ರಿಕೆಯ ಕೆಲಸ ಬಿಟ್ಟರು. ಅದಕ್ಕೆ ಅವರು ಅಷ್ಟೇನೂ ಮರುಗಲಿಲ್ಲ. ಅವರ ಸಂಕಟವೇ ಬೇರೆ ಇತ್ತು. ಹುಡುಗಿಯಾಗಿದ್ದಾಗ ತಮ್ಮ ಊರಿನ ದಂಡೆಯಲ್ಲಿ ಕೂತು, ನೀರಿನ ಅಲೆಗಳ ಗಣಿತದ ಬಗ್ಗೆ ಒಂದು ಪುಸ್ತಕ ಶುರು ಮಾಡಿದ್ದರಂತೆ. ಊರವರ ಬರಹವನ್ನೆಲ್ಲ ತಿದ್ದುವುದರಲ್ಲಿ ತಮ್ಮದು ಪೆಟ್ಟಿಗೆ ಸೇರಿತ್ತು. ಪೂರ್ತಿ ಕುರುಡಾಗುವ ಮುಂಚೆ ಅದನ್ನು ಮುಗಿಸಬೇಕು. ಒಬ್ಬ ಪ್ರಕಾಶಕರೂ ಸಿಕ್ಕಿದ್ದರು. ಓದಿ ಹೇಳಲು ಬಾಯೊಂದು ಬೇಕಿತ್ತು. ಅಮ್ಮ ಮಾತಿಗೂ ಕಾಯದೆ ಕುರ್ಚಿ ಎಳೆದುಕೊಂಡು ಕೂತಳು.

ಅವರು ಕೆಲಸ ಮಾಡುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಪ್ರತಿ ಸಮೀಕರಣವನ್ನೂ ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುವಳು. ಅಜ್ಜಿ ಕಣ್ಣುಮುಚ್ಚಿ, ಮುಷ್ಟಿಯನ್ನು ಮೇಜಿನ ಮೇಲಿಟ್ಟು ಕೇಳುವರು. ಓದಿನಲ್ಲಿ ಒಂದು ಆವರಣ, ಅಂದರೆ ಬ್ರಾಕೆಟ್ಟು, ತೆರೆದರೆ ಒಂದು ಬೆರಳು ಬಿಚ್ಚುವರು, ಅದರೊಳಗೆ ಮತ್ತೊಂದು ತೆರೆದರೆ ಮತ್ತೊಂದು ಬೆರಳು. ಆವರಣ ಮುಚ್ಚಿದಾಗ ಬೆರಳು ಮಡಿಚುವರು. ಸಾಲು ಮುಗಿದಾಗ ಕೈ ಮತ್ತೆ ಮುಷ್ಟಿಯಾಗಿದ್ದರೆ ಸರಿ, ಬೆರಳೊಂದು ನಿಂತಿದ್ದರೆ ಎಲ್ಲೋ ತಪ್ಪಿದೆ. ಪತ್ರಿಕೆಯ ಕಾಲದಿಂದ ಬಂದ ಅಭ್ಯಾಸ ಅದು. ಅಮ್ಮ ಮೊದಮೊದಲು ಇಂಗ್ಲಿಷಿನಲ್ಲಿ ಓದುತ್ತಿದ್ದವಳು, ಓದು ಬಿರುಸಾದಂತೆ ಕನ್ನಡ ಶಾಲೆಯ ಮಾತಿಗೆ ಜಾರಿಬಿಟ್ಟಳು. ಆವರಣಕ್ಕೆ ಅಲ್ಲಿ ಕಂಸ ಅನ್ನುವುದು: ಕಂಸ ತಗಿ, ಕಂಸ ಮುಚ್ಚು. ಅಜ್ಜಿ ಅದನ್ನು ಕಲಿತೇಬಿಟ್ಟರು. ಅವರಿಗೆ ಬರುತ್ತಿದ್ದ ಕನ್ನಡ ಇಷ್ಟೇ, ತಗಿ ಮತ್ತು ಮುಚ್ಚು. ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ನಿಂತರೆ ಆ ಕಡೆಯಿಂದ "ಮುಚ್ಚು" ಅನ್ನುವರು. ಅಮ್ಮ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಮಾತಾಡುತ್ತಿದ್ದ ನಾನು ಅವರ ಕನ್ನಡಕ್ಕೆ ತೆಪ್ಪಗಾಗುತ್ತಿದ್ದೆ.

ಆ ವರ್ಷದ ಮಳೆಗಾಲದ ಹೊತ್ತಿಗೆ ಅವರು ಕೊನೆಯ ಅಧ್ಯಾಯಕ್ಕೆ ಬಂದಿದ್ದರು. ಅಲೆ ದಡಕ್ಕೆ ಬಂದು ಮುರಿಯುವ ಅಧ್ಯಾಯ. ಅದು ಮುಗಿದರೆ ಪುಸ್ತಕ ಮುಗಿದ ಹಾಗೆ ಎಂದು ಅಮ್ಮ ಒಂದು ದಿನ ಬೆಳಿಗ್ಗೆಯೇ ಶಿರಾ ಮಾಡಿಟ್ಟಿದ್ದಳು. ನಾನು ಶಾಲೆಯಿಂದ ಬಂದು ಶಿರಾದ ಆಸೆಗೆ ಅಲ್ಲೇ ಕೂತಿದ್ದೆ. ಅಮ್ಮ ಒಂದು ಉದ್ದನೆಯ ಸಾಲು ಓದಿ ನಿಲ್ಲಿಸಿದಳು. ಅಜ್ಜಿಯ ತೋರುಬೆರಳು ನೆಟ್ಟಗೆ ನಿಂತಿತ್ತು.

"ಒಂದು ಬೆರಳು ಉಳೀತು," ಅಂದರು ತಮ್ಮ ಇಂಗ್ಲಿಷಿನಲ್ಲಿ.

ಅಮ್ಮ ಮತ್ತೆ ಓದಿದಳು. ಮತ್ತೆ ಉಳಿಯಿತು. ತಪ್ಪು ಓದಿನಲ್ಲಿ ಇರಲಿಲ್ಲ, ಕಾಗದದಲ್ಲೇ ಇತ್ತು. ಎಂದೋ ಹರೆಯದಲ್ಲಿ ಒಂದು ಕಂಸ ಮುಚ್ಚಲು ಮರೆತು, ಮುಂದಿನ ಸಾಲಿನಲ್ಲಿ ಅದನ್ನು ಮುಚ್ಚಬಾರದ ಕಡೆ ಮುಚ್ಚಿಕೊಂಡು ಅಜ್ಜಿ ಲೆಕ್ಕವನ್ನು ಮುಂದುವರಿಸಿದ್ದರು. ಅಲ್ಲಿಂದಾಚೆಗಿನ ಪುಟಗಳೆಲ್ಲ ಆ ತಪ್ಪಿನ ಮೇಲೆಯೇ ನಿಂತಿದ್ದವು. ಜಗತ್ತಿನವರ ತಪ್ಪನ್ನೆಲ್ಲ ಹಿಡಿದವರ ಮನೆಯ ಪೆಟ್ಟಿಗೆಯಲ್ಲೇ ಇಷ್ಟು ಕಾಲ ಅದು ಬೆಚ್ಚಗೆ ಮಲಗಿತ್ತು. ಅಜ್ಜಿ ನಿಂತ ಬೆರಳನ್ನು ಇನ್ನೊಂದು ಕೈಯಿಂದ ಸವರಿದರು. ಆಮೇಲೆ ನಕ್ಕು, ಶಿರಾ ಕೊಡು, ತಿಂದು ಈ ಸಾಲಿನಿಂದ ಮತ್ತೆ ಮಾಡೋಣ ಅಂದರು.

ಪ್ರಕಾಶಕರು ಅವಸರ ಮಾಡುತ್ತಿದ್ದರು. ಕಣ್ಣಿನ ಮಸಿ ಹರಡುತ್ತಿತ್ತು, ಅಜ್ಜಿಯ ಎದೆಯೂ ಆಗಲೇ ತೊಂದರೆ ಕೊಡುತ್ತಿತ್ತು. ಸಂಜೆ ಊಟಕ್ಕೆ ಕೂತಾಗ ಅಪ್ಪ ಪಾಪ ಒಳ್ಳೆಯದಕ್ಕೇ ಹೇಳಿದರು. "ಎಲ್ಲೆರ ಒಂದು ಕಡೆ ಆ ಕಂಸ ಮುಚ್ಚಿ ಕಳಿಸಿಬಿಡ್ರಿ ನೀವಿಬ್ಬರೂ. ಅಷ್ಟು ಕೂತು ಯಾರು ನೋಡ್ತಾರ?"

ಅಮ್ಮ ಅನ್ನದ ಪಾತ್ರೆ ಕೆಳಗಿಟ್ಟಳು. "ಅವರ ಕಣ್ಣಿಗೆ ಕಾಣೂದಿಲ್ಲ ಖರೇ. ಆದ್ರ ಅವರಿಗೆ ಗೊತ್ತಿರ್ತದಲ್ರೀ."

ಮಾರನೆಯ ದಿನದಿಂದ ಅಪ್ಪ ಪಾತ್ರೆ ತೊಳೆಯುವ ಕೆಲಸವನ್ನು ತಾವೇ ವಹಿಸಿಕೊಂಡರು.

ಆ ಇಡೀ ಚಳಿಗಾಲ ಗೋಡೆಯಾಚೆಯಿಂದ ಅಮ್ಮನ ದನಿ ಬರುತ್ತಲೇ ಇತ್ತು. ಅಜ್ಜಿ ತಲೆಯೊಳಗೆ ಲೆಕ್ಕ ಮಾಡಿ ಹೇಳುವರು, ಅಮ್ಮ ಬರೆಯುವಳು, ಬರೆದದ್ದನ್ನು ಓದುವಳು, ಬೆರಳು ಬಿಚ್ಚುವುದು, ಮಡಿಚುವುದು. ಕೆಲವು ಸಲ ಅಮ್ಮ ಬರೆಯುವುದನ್ನು ಬಿಟ್ಟು ಜಗಳಕ್ಕೇ ನಿಲ್ಲುತ್ತಿದ್ದಳು, ಇದು ಹೀಗಲ್ಲ ಹಾಗೆ ಎಂದು. ಹಾಗೆ ಜಗಳವಾಡಿ ಗೆದ್ದ ದಿನ ಅವಳ ಮುಖ ನೋಡಬೇಕಿತ್ತು ನೀವು. ಹಿಟ್ಟಿನ ಮೇಲೆ ಬರೆದು ಅಳಿಸುತ್ತಿದ್ದ ಹೆಂಗಸೇ ಅಲ್ಲ ಅವಳು.

ಇನ್ನೊಂದೇ ಪುಟ ಉಳಿದಿದೆ ಅನ್ನುವಾಗ ಅಜ್ಜಿ ಆಸ್ಪತ್ರೆ ಸೇರಿದರು. ನಾವು ಮೂವರೂ ಹೋದೆವು. ಬಿಳಿ ಹೊದಿಕೆಯ ಮೇಲೆ ಅವರ ಕೈ ಇತ್ತು. ಅಮ್ಮ ಹಾಸಿಗೆಯ ಪಕ್ಕ ಕೂತು, ಆರೋಗ್ಯ ವಿಚಾರಿಸದೆ, ಸಮಾಧಾನದ ಮಾತೂ ಆಡದೆ, ಕೈಚೀಲದಿಂದ ಆ ಪುಟ ತೆಗೆದು ಓದಲು ಶುರು ಮಾಡಿದಳು. ಕಂಸ ತಗಿ ಅಂದಾಗ ಬೆರಳು ನಿಧಾನವಾಗಿ ಎದ್ದಿತು. ಮುಚ್ಚು ಅಂದಾಗ ಮಡಿಚಿತು. ಬಾಗಿಲಿಗೆ ಬಂದ ನರ್ಸ್ ಏನು ಅಂದುಕೊಂಡಳೋ, ಹಾಗೇ ಹಿಂದೆ ಹೋದಳು. ಕೊನೆಯ ಸಾಲಿಗೆ ಬರುವಾಗ ತೋರುಬೆರಳೊಂದೇ ಎದ್ದಿತ್ತು. ಅಮ್ಮ ಮುಚ್ಚು ಅಂದಳು. ಬೆರಳು ಅಲ್ಲಾಡಿತು, ಮಡಿಚಲು ಅದರಲ್ಲಿ ಶಕ್ತಿ ಇರಲಿಲ್ಲ. ಅಮ್ಮ ಕಾಗದದ ಮೇಲೆ ಕಣ್ಣಾಡಿಸಿದಳು, ಎಲ್ಲ ಸರಿಯಿತ್ತು. ಆಗ ಕಾಗದ ಕೆಳಗಿಟ್ಟು, ತನ್ನ ಕೈಯಿಂದಲೇ ಆ ಬೆರಳನ್ನು ಮೆಲ್ಲಗೆ ಮಡಿಚಿ, ಆ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು.

"ಮುಚ್ಚಿತ್ರಿ, ಅಕ್ಕೋರ," ಅಂದಳು.

ಅಜ್ಜಿ ಹ್ಞೂಂ ಅನ್ನುವ ಹಾಗೆ ತಲೆಯಾಡಿಸಿದರು. ಆ ವಾರವೇ ಹೋದರು. ಪುಸ್ತಕ ಬಂತು. ಈಗ ಅದು ಬೆಲ್ವ್ಯೂನಲ್ಲಿ ನನ್ನ ಮನೆಯ ಕಪಾಟಿನಲ್ಲಿ ಅಮ್ಮನ ಫೋಟೋದ ಪಕ್ಕದಲ್ಲಿದೆ. ರೆಂಟನ್ನಿನ ಮನೆ ಕೆಡವಿದ ಜಾಗದಲ್ಲಿ ಯಾವುದೋ ಗೋದಾಮು ಎದ್ದಿದೆ, ನಾನು ಆ ಕಡೆ ಡ್ರೈವ್ ಮಾಡುವುದಿಲ್ಲ.

ಆ ಪುಟ ಓದಿದ ದಿನ ಆಸ್ಪತ್ರೆಯಿಂದ ಹಿಂತಿರುಗುವಾಗ ಅಪ್ಪ ಕಾರು ಓಡಿಸುತ್ತಿದ್ದರು, ಅಮ್ಮ ಮುಂದೆ ಕೂತಿದ್ದಳು, ನಾನು ಹಿಂದೆ. ಅವಳು ಅಳುತ್ತಿದ್ದಾಳೋ ಎಂದು ಬಗ್ಗಿ ನೋಡಿದೆ. ಅಳುತ್ತಿರಲಿಲ್ಲ. ಅಜ್ಜಿಯ ಮುಷ್ಟಿ ಹಿಡಿದಿದ್ದ ಅವಳ ಬಲಗೈ ಮಡಿಲಲ್ಲಿ ಇನ್ನೂ ಮುಷ್ಟಿಯಾಗಿತ್ತು. ಮನೆ ಬಂತು, ಅಪ್ಪ ಕಾರು ನಿಲ್ಲಿಸಿದರು, ಅಮ್ಮ ಎಡಗೈಯಲ್ಲೇ ಬಾಗಿಲು ತೆಗೆದು ಇಳಿದಳು.