ಹೊಳೆಪ್ಪ ಆರಿಸಿದ ಸಿನೆಮಾ

ಯರಗುಪ್ಪಿಯ ಹಿಟ್ಟಿನ ಗಿರಣಿಗೆ ಜೋಳ ತಂದವರು ಹಿಟ್ಟಿನ ಜೊತೆಗೆ ಹೊಳೆಪ್ಪನ ಒಂದು ಅಭಿಪ್ರಾಯವನ್ನೂ ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಗಿರಣಿಯ ಸದ್ದನ್ನು ಮೀರಿ ಕೂಗಿ ಮಾತಾಡಿ ಅವನ ದನಿಯೇ ಹಾಗಾಗಿತ್ತು. ಹುಬ್ಬು, ಮೀಸೆ ಎಲ್ಲಾ ಹಿಟ್ಟು. ಆ ಬಿಳಿ ಮುಖದಿಂದಲೇ ಅವನು ದಿಲ್ಲಿಯ ಧಾರಾವಾಹಿಗಳಿಗೂ ಬೆಂಗಳೂರಿನ ಪ್ರಶಸ್ತಿಗಳಿಗೂ ತೀರ್ಪು ಕೊಡುತ್ತಿದ್ದ.

ಹರೆಯದಲ್ಲಿ ಲಾರಿಯ ಕ್ಲೀನರ್ ಆಗಿ ಸೊಲ್ಲಾಪುರದ ಕಡೆ ತಿರುಗಿದ್ದರಿಂದ ಅವನಿಗೆ ಹಿಂದಿ ಬರುತ್ತಿತ್ತು. ಎಂಬತ್ತರ ದಶಕದ ನಡುವೆ ಪಂಚಾಯ್ತಿಗೆ ಟಿವಿ ಬಂತು. ಹಿಂದಿ ತಿಳಿಯುವವರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಎದ್ದು ನಿಂತು, ಕೈ ತಿರುವಿ, ನಡುವೆ ತನ್ನದೂ ಒಂದೆರಡು ಮಾತು ಸೇರಿಸಿ ಜನಕ್ಕೆ ಬಿಡಿಸಿ ಹೇಳುವ ಹುಮ್ಮಸ್ಸು ಇದ್ದದ್ದು ಅವನೊಬ್ಬನಿಗೇ. ಹಾಗಾಗಿ ಟಿವಿ ಇಟ್ಟಿದ್ದ ಕಟ್ಟಿಗೆ ಪೆಟ್ಟಿಗೆಯ ಕೀಲಿ ಅವನ ಉಡುದಾರಕ್ಕೆ ಬಂತು.

ಆಗ ಧಾರಾವಾಹಿಗಳು ಹದಿಮೂರು ವಾರಕ್ಕೆ ಮುಗಿಯುತ್ತಿದ್ದವು. ಜನ ಮೆಚ್ಚಿದರೆ ಮತ್ತೆ ಹದಿಮೂರು ವಾರ. ಈ ಎರಡನೆಯ ಸುತ್ತನ್ನು ಕಂಡರೆ ಹೊಳೆಪ್ಪನಿಗೆ ಆಗುತ್ತಿರಲಿಲ್ಲ. "ಮೊದಲಿಂದು ಗಟ್ಟಿ ಮಸರು ಇತ್ತಬೇ. ಈಗ ಬರೀ ನೀರ ಹಾಕಿ ಕಡ್ಯಾಕತ್ತಾರ," ಎಂದು ಹಿಟ್ಟಿನ ಬುಟ್ಟಿ ಎತ್ತಿಕೊಡುತ್ತ ಹೇಳುತ್ತಿದ್ದ. ಹೆಂಗಸರು ನಗುತ್ತಿದ್ದರು. ಅವನು ಹೇಳಿದ್ದು ಸಾಮಾನ್ಯವಾಗಿ ನಿಜವೂ ಆಗಿರುತ್ತಿತ್ತು.

ಪ್ರಶಸ್ತಿಯ ವಿಷಯ ಬಂದರೆ ಮಾತ್ರ ಅವನಿಗೆ ನಗೆ ಬರುತ್ತಿರಲಿಲ್ಲ. ಆ ವರ್ಷ ಅವನ ನೆಚ್ಚಿನ ಹೀರೋನ ಸಿನೆಮಾ ಹುಬ್ಬಳ್ಳಿಯಲ್ಲಿ ನೂರು ದಿನ ಓಡಿದರೂ ಒಂದು ಪ್ರಶಸ್ತಿಯೂ ಸಿಕ್ಕಿರಲಿಲ್ಲ. ಯಾವ ಟಾಕೀಸಿಗೂ ಬಾರದ, ಯಾರೂ ಹೆಸರು ಕೇಳಿರದ ಒಂದು ಸಿನೆಮಾಕ್ಕೆ ದೊಡ್ಡ ಪ್ರಶಸ್ತಿ ಹೋಗಿತ್ತು. "ಯಾರೂ ನೋಡಲಾರದ್ದಕ್ಕ ಬಕ್ಷೀಸ ಕೊಡ್ತಾರ. ನಾಳೆ ಯಾರೂ ಉಣ್ಣಲಾರದ ರೊಟ್ಟಿಗೂ ಕೊಡ್ತಾರ ನೋಡ್ರಿ," ಎಂದು ತಿಂಗಳುಗಟ್ಟಲೆ ಆಡಿಕೊಂಡ. ಆ ಸಿನೆಮಾವನ್ನು ಅವನೂ ನೋಡಿರಲಿಲ್ಲ.

ಭಾನುವಾರ ಮಧ್ಯಾಹ್ನ ದಿಲ್ಲಿಯವರು ಒಂದೊಂದು ಭಾಷೆಯ ಪ್ರಶಸ್ತಿ ಚಿತ್ರ ತೋರಿಸುತ್ತಿದ್ದರು. ಕನ್ನಡದ ಸರದಿ ಬರಬೇಕೆಂದರೆ ತಿಂಗಳುಗಳೇ ಹಿಡಿಯುತ್ತಿದ್ದವು. ಮರುವರ್ಷ ಸರದಿ ಬಂದಾಗ ಬಂದದ್ದು ಅದೇ ಸಿನೆಮಾ.

ಕನ್ನಡ ಎಂದು ಕೇಳಿ ಪಂಚಾಯ್ತಿ ಕಟ್ಟೆ ತುಂಬಿತು. ಗೌರಕ್ಕ, ನೀಲಕ್ಕ ಇಬ್ಬರೂ ಬಂದರು. ಅವರು ಒಬ್ಬನೇ ಗಂಡನ ಹೆಂಡಂದಿರು, ಸವತಿಯರು; ಗೌರಕ್ಕ ದೊಡ್ಡವಳು, ನೀಲಕ್ಕ ಚಿಕ್ಕವಳು. ಗಂಡ ತೀರಿಕೊಂಡ ಮೇಲೂ ಒಂದೇ ಮನೆಯಲ್ಲಿದ್ದರು, ಆದರೆ ಎರಡು ಒಲೆ. ಮಾತಂತೂ ಗಂಡ ಇದ್ದಾಗಲೇ ನಿಂತಿತ್ತು. ಒಬ್ಬಳು ಜೋಳ ತಂದ ದಿನ ಇನ್ನೊಬ್ಬಳು ಗಿರಣಿಗೆ ಬರುತ್ತಿರಲಿಲ್ಲ. ಅವರ ಹಿಟ್ಟನ್ನು ಬೇರೆ ಬೇರೆ ಬೀಸಿಕೊಡುತ್ತಿದ್ದ ಹೊಳೆಪ್ಪನಿಗೆ ಇದು ಗೊತ್ತಿಲ್ಲದ್ದಲ್ಲ. ಆ ದಿನ ಗೌರಕ್ಕ ಮುಂದೆ, ಅವನ ಬಾಜುವಿಗೆ ಕೂತಳು. ನೀಲಕ್ಕ ಹಿಂದಿನ ಕಂಬಕ್ಕೆ ಒರಗಿದಳು.

ಸಿನೆಮಾದಲ್ಲೂ ಇಬ್ಬರು ಹೆಂಡಂದಿರು. ಕುಣಿತವಿಲ್ಲ, ಹೊಡೆದಾಟವಿಲ್ಲ. ದೊಡ್ಡವಳು ನೀರು ಸೇದುತ್ತಾಳೆ, ಚಿಕ್ಕವಳು ಅಂಗಳ ಗುಡಿಸುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹುಡುಗರು ಮೊದಲಿಗೆ ಆಕಳಿಸಿ, ಆಮೇಲೆ ಎದ್ದು ಹೋದರು. ಹೊಳೆಪ್ಪನೂ ಬೈಯಲೆಂದೇ ಕೂತಿದ್ದ. ಆದರೆ ಹೊತ್ತು ಹೋದಂತೆ ಬೈಗುಳ ನೆನಪಾಗಲಿಲ್ಲ. ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈ ಊರಿ ನೋಡುತ್ತಿದ್ದ.

ಕೊನೆಗೆ ದೊಡ್ಡವಳು ಬಟ್ಟೆಯ ಗಂಟು ಕಟ್ಟಿಕೊಂಡು ತಲೆಬಾಗಿಲಿಗೆ ಬಂದಳು. ಚಿಕ್ಕವಳು ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ಅಡ್ಡ ನಿಂತಳು. ಇಬ್ಬರೂ ಬಹಳ ಹೊತ್ತು ಹಾಗೇ ನಿಂತರು. ಕಟ್ಟೆಯ ಮೇಲೂ ಯಾರೂ ಕೆಮ್ಮಲಿಲ್ಲ.

ಆಗ ಹಿಂದಿನಿಂದ ಈರಬಸಪ್ಪನ ದನಿ ಬಂತು. ಗಿರಣಿಯಲ್ಲಿ ಹೊಳೆಪ್ಪನ ವಾದಕ್ಕೆ ದಿನಾ ಎದುರುವಾದ ಹೂಡುವವನು ಅವನು. "ಏನಲೇ ಹೊಳ್ಯಾ, ಬಕ್ಷೀಸಿನ ಪಿಕ್ಚರ ನೋಡಿ ಕಣ್ಣಾಗ ನೀರ ತಗದೀ?"

ನಾಲ್ಕು ಮಂದಿ ನಕ್ಕರು. ಹೊಳೆಪ್ಪ ಕೆನ್ನೆ ಮುಟ್ಟಿಕೊಂಡ. ಒದ್ದೆಯಾಗಿತ್ತು. ಅವನು ದಡಕ್ಕನೆ ಎದ್ದು, "ಯಾಂವ ಅಳ್ತಾನಲೇ ಇಂಥಾ ಬೇವರ್ಸಿ ಪಿಕ್ಚರಿಗೆ? ಸಾಕ ನಡೀರಿ, ಕರೆಂಟ ದಂಡ!" ಎಂದು ಗುಂಡಿ ತಿರುವಿಬಿಟ್ಟ. ಪರದೆಯ ಇಬ್ಬರು ಹೆಂಗಸರು ಒಂದು ಚುಕ್ಕೆಯಾಗಿ ಮಾಯವಾದರು. ಪೆಟ್ಟಿಗೆಯ ಕದ ಮುಚ್ಚಿ ಕೀಲಿ ಹಾಕಿದ.

ಜನ ಎದ್ದು ಹೋದರು. ಗೌರಕ್ಕ ಮಾತ್ರ ಮುಚ್ಚಿದ ಪೆಟ್ಟಿಗೆಯನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದಳು. ಹೊಳೆಪ್ಪ ಬೇಕೆಂದೇ ಅವಳ ಕಡೆ ತಿರುಗಲಿಲ್ಲ.

ಮರುದಿನ ಅವಳು ಗಿರಣಿಗೆ ಬಂದಳು. ಹಿಟ್ಟು ಬೀಳುವ ತನಕ ಕಾಯ್ದು, ಬುಟ್ಟಿ ಎತ್ತುವಾಗ ಕೇಳಿದಳು: "ಹೊಳೆಪ್ಪಾ, ಆ ದೊಡ್ಡಾಕಿ ಹೊಸ್ತಿಲಾ ದಾಟಿದ್ಲೇನು?"

"ಗೊತ್ತಿಲ್ಲಬೇ."

ಎರಡು ದಿನ ಬಿಟ್ಟು ನೀಲಕ್ಕ ಬಂದಳು. ಅವಳು ಹಿಟ್ಟು ಬೀಳುವುದಕ್ಕೂ ಕಾಯಲಿಲ್ಲ. "ಆ ಸಣ್ಣಾಕಿ ಬಾಗಿಲಾ ಬಿಟ್ಟು ಸರದ್ಲೇನಪಾ?"

ಹೊಳೆಪ್ಪ ಅವಳಿಗೂ ಅದೇ ಉತ್ತರ ಹೇಳಿದ. ಒಮ್ಮೆ ತೋರಿಸಿದ್ದನ್ನು ದಿಲ್ಲಿಯವರು ಮತ್ತೆ ತೋರಿಸುವುದು ಇರಲಿಲ್ಲ. ಟಾಕೀಸಿಗೆ ಅದು ಎಂದೂ ಬರುವುದಿಲ್ಲ ಎಂದು ಅವನೇ ಊರಿಗೆಲ್ಲ ಸಾರಿದ್ದ. ಅಂದಿನಿಂದ ಧಾರಾವಾಹಿಯ ಮಾತು ಎತ್ತಿದವರಿಗೆ "ಹೂಂ" ಎಂದಷ್ಟೇ ಹೇಳಿ ಗಿರಣಿಯ ಕಡೆ ತಿರುಗತೊಡಗಿದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಬುಡನಸಾಬ ಅವನ ಹಳೆಯ ಗೆಳೆಯ. ಅವನ ಮುಂದೆ ಮಾತ್ರ ಬಾಯಿ ಬಿಟ್ಟ. "ಆ ಪಿಕ್ಚರಿನ ಕೊನಿ ಯಾರಿಗರೆ ಗೊತ್ತಿದ್ದೀತೇನೋ?"

"ಬೈಕೋತ ತಿರಗ್ಯಾಡಿದಾಂವ ನೀನು, ನನ್ನ ಕೇಳ್ತೀ?" ಎಂದ ಬುಡನಸಾಬ. ಆದರೆ ಗೆಳೆಯನ ಮುಖ ನೋಡಿ ದನಿ ಇಳಿಸಿದ. "ಹುಬ್ಬಳ್ಯಾಗ ನಮ್ಮ ಬೀಗರ ಪೈಕಿ ಸಿರಾಜುದ್ದೀನ ಅಂತ ಕಾಲೇಜ ಮಾಸ್ತರ ಅದಾರ. ಇಂಥಾವೆಲ್ಲಾ ಹುಡಿಕ್ಯಾಡಿ ನೋಡ್ತಾರ. ಹೋಗಿ ಬಾ."

ಗಿರಣಿಯ ಗಾಲಿ ತಿರುಗಿಸುವ ಪಟ್ಟಾ ತರುವ ನೆಪ ಮಾಡಿ ಹೊಳೆಪ್ಪ ಹುಬ್ಬಳ್ಳಿಗೆ ಹೋದ. ಸಿರಾಜುದ್ದೀನ ಮಾಸ್ತರರು ಕುರ್ಚಿ ಕೊಟ್ಟು ಕೂರಿಸಿ, "ನಿಮ್ಮೂರಾಗ ಈ ಪಿಕ್ಚರ ಬಗ್ಗೆ ಕೇಳಾವ್ರು ಅದಾರಲ್ಲ!" ಎಂದು ಸಂತೋಷಪಟ್ಟರು. ಅರ್ಧಕ್ಕೆ ಯಾಕೆ ಬಿಟ್ಟಿರಿ ಎಂದಾಗ ಹೊಳೆಪ್ಪ, "ಕರೆಂಟ ಹೋತ್ರಿ," ಎಂದ. ಅವರು ಕೊನೆ ಹೇಳಿದರು. ಚಿಕ್ಕವಳು ಕೈ ತೆಗೆಯುತ್ತಾಳೆ. ದೊಡ್ಡವಳು ಹೊಸ್ತಿಲು ದಾಟಿ ಹೋಗುತ್ತಾಳೆ. ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಆ 'ಅಷ್ಟೇ' ಅವನನ್ನು ತಿನ್ನತೊಡಗಿತು. ಇದನ್ನು ಆ ಇಬ್ಬರ ಮುಂದೆ ಹೇಗೆ ಹೇಳುವುದು? ಇಳಿಯುವಷ್ಟರಲ್ಲಿ ಬೇರೆ ಕೊನೆ ಹೊಂದಿಸಿಕೊಂಡಿದ್ದ.

ಸಂಜೆ ಅವರ ಮನೆಗೆ ಹೋದ. ಪಡಸಾಲೆಯ ಆ ಬದಿಗೆ ಗೌರಕ್ಕ ರೊಟ್ಟಿ ಬಡಿಯುತ್ತಿದ್ದಳು, ಈ ಬದಿಗೆ ನೀಲಕ್ಕ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನಡುವೆ ನಿಂತು ಹೇಳಿದ: "ಪಿಕ್ಚರಿನ ಕೊನಿ ಕೇಳಿಕೊಂಡ ಬಂದೇನಿ. ಸಣ್ಣಾಕಿ ಬಿಡಲಿಲ್ಲ. ಅಕ್ಕಾ ಅಂತ ಕಾಲಿಗೆ ಬಿದ್ಲು. ದೊಡ್ಡಾಕಿ ಗಂಟ ಇಳಿಸಿದ್ಲು. ಇಬ್ಬರೂ ಒಂದ ಗಂಗಾಳದಾಗ ಉಂಡ್ರು."

ರೊಟ್ಟಿಯ ಸದ್ದು ನಿಂತಿತು. ಗೌರಕ್ಕ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಅವನನ್ನು ನೋಡಿದಳು.

"ಅಷ್ಟ ಸಲೀಸ ಇದ್ದಿದ್ರ ಅದಕ್ಕ ಬಕ್ಷೀಸ ಯಾಕ ಕೊಡ್ತಿದ್ರಪಾ?"

ಪ್ರಶಸ್ತಿಯ ಬಗ್ಗೆ ಅಷ್ಟು ವರ್ಷ ಮಾತಾಡಿದ್ದ ಹೊಳೆಪ್ಪನ ಕಿವಿಯ ತುದಿ ಸುಟ್ಟಂತಾಯಿತು. ನೆಲ ನೋಡುತ್ತ, "ಸುಳ್ಳ ಹೇಳಿದೆ. ಸಣ್ಣಾಕಿ ಕೈ ತಗದ್ಲು. ದೊಡ್ಡಾಕಿ ಹೋದ್ಲು," ಎಂದ. ಆಮೇಲೆ, ಯಾರೂ ಕೇಳದಿದ್ದರೂ, "ಬ್ಯಾಸರಾಗಿ ಆರಿಸಿದ್ದಲ್ಲಬೇ ನಾ. ಪಿಕ್ಚರ ಛಲೋ ಇತ್ತು," ಎಂದ.

"ಗೊತ್ತೈತಿ," ಎಂದಳು ಗೌರಕ್ಕ. "ನಿನ್ನ ಬಾಜೂಕ ಕುಂತಿದ್ನಲ್ಲ ನಾ."

ಅದಕ್ಕಿಂತ ಅವಳು ಎರಡು ಬೈದಿದ್ದರೆ ಚೆನ್ನಾಗಿತ್ತು. ಹೊರಡಲು ತಿರುಗಿದಾಗ ನೀಲಕ್ಕ ತಲೆ ಎತ್ತದೆ ಕೇಳಿದಳು: "ಹೋಗೂಮುಂದ ತಿರುಗಿ ನೋಡಿದ್ಲೇನು?"

ಹೊಳೆಪ್ಪ ನಿಂತ. ಮಾಸ್ತರರು ಅದನ್ನು ಹೇಳಿರಲಿಲ್ಲ. ಕೇಳಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ.

"ಅದನ್ನ ಕೇಳಲಿಲ್ಲಬೇ ನಾ."

ನೀಲಕ್ಕ ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡಳು. ಗೌರಕ್ಕ ಆ ಕಡೆಯಿಂದ, ಯಾರಿಗೆಂದು ಹೆಸರು ಹೇಳದೆ, "ನೋಡಿರ್ತಾಳ ತಗೋ," ಎಂದಳು. ನೀಲಕ್ಕ ಮೆಣಸಿನಕಾಯಿಯ ತೊಟ್ಟು ಮುರಿದಳು. ಹೊಳೆಪ್ಪ ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ.

ಕನ್ನಡದ ಸರದಿ ಮತ್ತೆ ಬಂದದ್ದು ಮಳೆಗಾಲ ಕಳೆದ ಮೇಲೆ. ಹೊಳೆಪ್ಪ ಹಿಂದಿನ ದಿನವೇ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತು ಕರೆದ. "ಹತ್ತಿ ಬಿಡಸೂದೈತಿ," ಎಂದಳು ಗೌರಕ್ಕ. ನೀಲಕ್ಕ ಒಳಗಿನಿಂದ ಬರಲೇ ಇಲ್ಲ. ಹತ್ತಿಯ ಕೆಲಸ ಜೋರಿದ್ದ ಕಾಲ, ಸುಳ್ಳೇನಲ್ಲ. ಆದರೂ ಅವನಿಗೆ ಇನ್ನೊಮ್ಮೆ ಕರೆಯುವ ಧೈರ್ಯವಾಗಲಿಲ್ಲ.

ಭಾನುವಾರ ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಈ ಸಿನೆಮಾದಲ್ಲೂ ಮಾತು ಕಡಿಮೆ. ಹುಡುಗರು ಟಿವಿ ಆರಿಸು ಎಂದು ಕೂಗಿದರು. ಹೊಳೆಪ್ಪ ಎಂದಿನಂತೆ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಲ್ಲದೆ, ಪಕ್ಕದಲ್ಲಿ ನೆಲಕ್ಕೆ ಕೂತು, ಕೊನೆಯ ಹೆಸರು ಹೋಗುವ ತನಕ ನೋಡಿದ. ಮರುದಿನ ಗಿರಣಿಯಲ್ಲಿ ಈರಬಸಪ್ಪ ಚೀಲ ಇಳಿಸುತ್ತ ಕೇಳಿದ: "ಹ್ಯಾಂಗಿತ್ತಲೇ ಪಿಕ್ಚರು? ಬಕ್ಷೀಸ ಕೊಡೂವಂಥಾದ್ದ?"

"ನನಗ ತಿಳೀಲಿಲ್ಲ," ಎಂದ ಹೊಳೆಪ್ಪ, ಮತ್ತು ಗಿರಣಿ ಚಾಲೂ ಮಾಡಿದ.