ಇಲಿಯ ಕ್ಷೇಮ ಕೇಳಿದವರು

ಹೈದರಾಬಾದಿನ ನಮ್ಮ ಲ್ಯಾಬನ್ನು ಜನರಿಗೆ ತೋರಿಸುವ ದಿನ. ನನ್ನ ಬಾಯಲ್ಲಿ ಕನ್ನಡ ಕೇಳಿ ಕಲಬುರಗಿ ಕಡೆಯ ಹಿರಿಯರೊಬ್ಬರು ಸೀದಾ ನನ್ನ ಮೈಕ್ರೋಸ್ಕೋಪಿನ ಮುಂದೆ ಬಂದು ಕೂತರು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಅವರ ಎಡಗೈಯ ರಕ್ತನಾಳ ಬೆರಳಿನ ಗಾತ್ರಕ್ಕೆ ಉಬ್ಬಿತ್ತು.

“ಇವು ಮುಂದೆ ಕಿಡ್ನಿ ಆಗಬಲ್ಲ ಮೂಲಕೋಶಗಳು. ಇಲಿಯ ಮೈಯೊಳಗೆ ಇಟ್ಟೆವು. ಇವೇ ಸಂಕೇತ ಕಳಿಸಿ ತಮ್ಮ ಸುತ್ತ ಹೊಸ ರಕ್ತನಾಳ ಬೆಳೆಸಿಕೊಂಡವು. ಆ ಕೆಂಪು ಗೆರೆಗಳೇ ಆ ನಾಳಗಳು,” ಎಂದೆ, ಹೆಮ್ಮೆಯಿಂದ.

ಅವರು ಬಹಳ ಹೊತ್ತು ನೋಡಿದರು. ‘ನಮಗೆ ಇಂಥ ಕಿಡ್ನಿ ಯಾವಾಗ?’ ಎಂದು ಕೇಳಿಯೇ ಕೇಳುತ್ತಾರೆಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ.

“ಇಲಿ ಈಗ ಆರಾಮ ಐತೇನ್ರಿ?”

ನಾಳ ಬೆಳೆದಿದೆಯೇ ಎಂದು ನೋಡಲು ಅದನ್ನು ಕೊಂದೇ ಕೊಯ್ಯಬೇಕಾಯಿತು ಎಂದೆ.

“ಹಂಗಾದ್ರ ನನಗೇನೂ ಅವಸರ ಇಲ್ರೀ,” ಅಂದವರೇ ಗಡಿಯಾರ ನೋಡಿಕೊಂಡು, ಡಯಾಲಿಸಿಸ್‌ಗೆ ಹೊತ್ತಾಯಿತೆಂದು ಎದ್ದರು.