ಲಕ್ಷ್ಮಪ್ಪ ಸಣ್ಣದು ಮಾಡಿಸಿದ ರಸ್ತೆ

ದುಮ್ಮವಾಡದ ಲಕ್ಷ್ಮಪ್ಪ ಮೂವತ್ತೊಂದು ವರ್ಷ ರಸ್ತೆ ಕೆಲಸದ ಗ್ಯಾಂಗ್‌ಮನ್ ಆಗಿ ದುಡಿದವನು. ಜಲ್ಲಿಕಡಿ ಹರವುವುದು, ಡಾಂಬರು ಸುರಿಯುವುದು, ಮಳೆಗಾಲ ಮುಗಿದ ಮೇಲೆ ತಗ್ಗು ಮುಚ್ಚುವುದು ಇದೇ ಅವನ ಬದುಕು. ನೌಕರಿಯ ಕೊನೆಯ ವರ್ಷ ಕಲಘಟಗಿಯ ಪೇಟೆ ರಸ್ತೆ ಅಗಲವಾಯಿತು. ಬಸ್ಸಿನಲ್ಲಿ ಕೂತವರ ಕೈಯಲ್ಲಿನ ಚಹಾ ತುಳುಕಬಾರದು ಎಂಬ ಹುರುಪಿನಲ್ಲಿ ಅವನು ತಾನೇ ನಿಂತು ಮಟ್ಟ ನೋಡಿದ್ದ.

ನಿವೃತ್ತಿಯಾದ ಮೇಲೆ ಹೆಂಡತಿ ಫಕೀರವ್ವನ ಜೊತೆ ಅದೇ ರಸ್ತೆಯ ಬದಿಗೆ ಮನೆ ಮಾಡಿದ. ಎದುರಿಗೆ ಗೆಳೆಯ ಬಾಬಾಸಾಬನ ಹೊಲಿಗೆ ಅಂಗಡಿ. ದಿನಾ ಸಂಜೆ ಬಾಬಾಸಾಬ ರಸ್ತೆ ದಾಟಿ ಬರುತ್ತಿದ್ದ, ಇಬ್ಬರೂ ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದರು. ಆದರೆ ರಸ್ತೆ ನುಣುಪಾದಂತೆ ಗಾಡಿಗಳ ಓಟವೂ ಏರಿತು. ಹೋದ ದೀಪಾವಳಿಯ ಹೊತ್ತಿಗೆ ದಾಟುವಾಗ ಬೈಕೊಂದು ಬಡಿದು ಬಾಬಾಸಾಬನ ಸೊಂಟದ ಎಲುಬು ಮುರಿಯಿತು. ಮತ್ತೆ ನಡೆಯುವಂತಾದರೂ ಅವನು ರಸ್ತೆಗೆ ಇಳಿಯಲಿಲ್ಲ. ಮೊಣಕಾಲು ನೋವಿನ ಲಕ್ಷ್ಮಪ್ಪನೂ ಓಡಿ ದಾಟಲಾರ. ಗೆಳೆಯರು ನಲವತ್ತು ಅಡಿ ದೂರದಲ್ಲಿ ಎದುರುಬದುರು ಕೂತು ಫೋನಿನಲ್ಲಿ ಮಾತಾಡತೊಡಗಿದರು.

“ಚಹಾ ಆತೇನೋ ಲಕ್ಷ್ಮಪ್ಪಾ?”

“ಆತು. ನಿಂದು?”

ನಡುವೆ ಲಾರಿ ಬಂದರೆ ಮುಖ ಮರೆಯಾಗುತ್ತಿತ್ತು.

ಇದನ್ನು ನೋಡುತ್ತಿದ್ದ ಫಕೀರವ್ವ ಒಂದು ದಿನ, “ನೀವ ಹಾಕಿದ್ದ ರಸ್ತೆ ಅಲ್ಲೇನ್ರಿ ಇದು?” ಎಂದಳು. ಚುಚ್ಚಿ ಕೇಳಿದ್ದಲ್ಲ. ಆದರೂ ಆ ಮಾತು ಅವನನ್ನು ಬಿಡಲಿಲ್ಲ. ಇಷ್ಟು ವರ್ಷ ಗಾಲಿಗಳಿಗಾಗಿ ದುಡಿದೆ, ಕಾಲುಗಳ ನೆನಪೇ ಬರಲಿಲ್ಲವಲ್ಲ ಎನ್ನಿಸಿತು.

ಮರುದಿನ ತನ್ನ ಹಳೆಯ ಕಚೇರಿಗೆ ಹೋಗಿ ಇಂಜಿನಿಯರ್ ನಾಗರತ್ನಾ ಅವರ ಮುಂದೆ ನಿಂತ. “ಪೇಟಿ ರಸ್ತೆ ಸಣ್ಣದ ಮಾಡ್ರಿ.”

ಆಕೆ ನಕ್ಕರು. “ಎಲ್ಲಾರೂ ಅಗಲ ಮಾಡ್ರಿ ಅಂತ ಬರ್ತಾರ, ನಿಮ್ಮದು ಉಲ್ಟಾ. ಹಂಪ್ ಹಾಕಿಸಿದ್ರ ಸಾಲದೇನು?”

“ಹಂಪ್ ದಾಟಿದ ಕೂಡ್ಲೆ ಮತ್ತ ಜೋರ ಹೊಡೀತಾರ್ರಿ. ಎರಡೂ ಬಾಜು ಒತ್ತಿ ತರ್ರಿ. ಇಕ್ಕಟ್ಟ ಕಂಡ್ರ ಡ್ರೈವರನ ಕಾಲು ತಾನ ಬ್ರೇಕ್ ಮ್ಯಾಲೆ ಹೋಗತೈತಿ.”

ನಾಗರತ್ನಾ ಹದಿನೈದು ದಿನದ ಪರೀಕ್ಷೆಗೆ ಒಪ್ಪಿದರು. ಖಾಲಿ ಡ್ರಮ್ಮುಗಳಿಗೆ ಮರಳು ತುಂಬಿ, ಬಿಳಿ ಬಣ್ಣ ಬಳಿದು ಎರಡೂ ಬದಿಗೆ ಇಟ್ಟರು. ಡ್ರಮ್ಮುಗಳ ಹಿಂದೆ ನಡೆಯುವವರಿಗೆ ಜಾಗ, ದಾಟಲು ಇಪ್ಪತ್ತೇ ಅಡಿ. ಕಿರಾಣಿ ಅಂಗಡಿಯ ಮಡಿವಾಳೆಪ್ಪ ಕೆರಳಿದ. “ಗಿರಾಕಿ ಬೈಕ್ ಎಲ್ಲಿ ಹಚ್ಚಬೇಕೋ? ನನ್ನ ಹೊಟ್ಟಿ ಮ್ಯಾಲೆ ಡ್ರಮ್ ಇಟ್ಟಿ ನೀ!” ಅದೂ ಸುಳ್ಳಲ್ಲ. ಲಕ್ಷ್ಮಪ್ಪ ಎರಡು ದಿನ ಅಲೆದು, ಅಂಗಡಿಯ ಹಿಂದಿನ ಬಯಲನ್ನು ಕಸ ತೆಗೆಸಿ ಬೈಕುಗಳಿಗೆ ಬಿಡಿಸಿದ. ಮಡಿವಾಳೆಪ್ಪನ ಗೊಣಗಾಟ ಮಾತ್ರ ನಿಲ್ಲಲಿಲ್ಲ.

ಅದು ನಿಂತದ್ದು ಸಂತೆಯ ದಿನ. ಗಾಡಿಗಳಿಗೆ ಅಂಜಿ ಎರಡು ವರ್ಷದಿಂದ ಮನೆ ಹೊಸ್ತಿಲು ಬಿಟ್ಟು ಇಳಿಯದಿದ್ದ ಮಡಿವಾಳೆಪ್ಪನ ತಾಯಿ ಸುಶೀಲವ್ವ ಕೋಲೂರಿಕೊಂಡು ಎದುರಿನ ಬಸವಣ್ಣನ ಗುಡಿಗೆ ಹೊರಟಳು. ಬಸ್ಸು ನಿಂತಿತು, ಅದರ ಹಿಂದೆ ಟ್ರ್ಯಾಕ್ಟರೂ ನಿಂತಿತು. ಆಕೆ ನಡುರಸ್ತೆಯಲ್ಲಿ ಸೆರಗು ಸರಿಮಾಡಿಕೊಂಡು ನಿಧಾನವಾಗಿ ದಾಟಿದಳು. ಸಕ್ಕರೆ ತೂಗುತ್ತಿದ್ದ ಮಡಿವಾಳೆಪ್ಪ ಕೈ ತಡೆದು ನೋಡುತ್ತಲೇ ಇದ್ದ. ಅಂದು ಸಂಜೆ ಬಾಬಾಸಾಬನೂ ದಾಟಿ ಬಂದ. ಬಂದವನು ಲಕ್ಷ್ಮಪ್ಪನ ಭುಜ ಹಿಡಿದು ಕಟ್ಟೆಯ ಮೇಲೆ ಕೂತ.

ಡ್ರಮ್ಮುಗಳ ಜಾಗಕ್ಕೆ ಈಗ ಕಲ್ಲಿನ ಅಂಚು ಬಂದಿದೆ. ಆದರೆ ಬಸ್‌ಸ್ಟ್ಯಾಂಡ್ ಕಡೆಯ ರಸ್ತೆ ಇನ್ನೂ ಅಗಲವಾಗೇ ಇದೆ. ನಾಗರತ್ನಾ ಅವರಿಗೆ ವರ್ಗವಾಯಿತು. ಆ ರಸ್ತೆಯನ್ನೂ ಸಣ್ಣದು ಮಾಡಿ ಎಂದು ಲಕ್ಷ್ಮಪ್ಪ ಕೇಳಿದ್ದಕ್ಕೆ, ಹೊಸದಾಗಿ ಬಂದ ಇಂಜಿನಿಯರ್ ಜೀಪಿನೊಳಗಿಂದಲೇ, “ನೋಡೂಣ್ರಿ” ಎಂದರು.

“ಇಳೀರಿ ಸಾಹೇಬ್ರ,” ಎಂದ ಲಕ್ಷ್ಮಪ್ಪ ಬಾಗಿಲು ತೆರೆದು. “ನಡಕೋಂತ ಹೋಗಿ ನೋಡೂಣು.”

ಇಬ್ಬರೂ ಬಸ್‌ಸ್ಟ್ಯಾಂಡ್ ಕಡೆಯ ರಸ್ತೆಯ ಅಂಚಿನಲ್ಲಿ ನಿಂತರು. ಗಾಡಿಗಳು ಬರುತ್ತಲೇ ಇದ್ದವು. ಸಾಹೇಬರು ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಸರಿದರು.